ತಂಬೂರಿಗೊಂದು ಪೆಟ್ಟಿಗೆ

ನಾಸಿಕ್ ನಗರದ ಅಂಬಡ್ ಪರಿಸರದಲ್ಲಿ ಕನ್ನಡದ ಮನೆಗಳು ಏಕಿವೆ ಎಂದು ಊರಿನಿಂದ ಬಂದ ಬಂಧುಗಳು ಕೇಳುವುದುಂಟು. ಉತ್ತರ ಬಹುಮಟ್ಟಿಗೆ ಕಾರ್ಖಾನೆಗಳಲ್ಲಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಮಿಗ್ ವಿಮಾನಗಳಿಗಾಗಿ 1964ರಲ್ಲಿ ಓಝರಿನಲ್ಲಿ ನೆಲೆಯೂರಿತು. ಬೆಂಗಳೂರಿನದೇ ಆದ ಮೈಕೋ ಸಾತಪುರದಲ್ಲಿ ಎರಡನೆಯ ಕಾರ್ಖಾನೆ ತೆರೆಯಿತು. ಅನ್ನ ಅರಸಿ ಬಂದವರು ತಮ್ಮೊಡನೆ ಸಂಗೀತವನ್ನೂ ತಂದರು. ನಮ್ಮ ತಂದೆಯವರು ಧಾರವಾಡದಿಂದ ತಂದದ್ದು ಒಂದು ಟ್ರಂಕು ತುಂಬ ಧ್ವನಿಮುದ್ರಿಕೆಗಳು.

ಈಗ ಅವರಿಗೆ ಬೈಠಕ್ಕಿಗೆ ಹೋಗಿ ನೆಲದ ಮೇಲೆ ಕೂರಲಾಗದು. ಮನೆಯಲ್ಲೇ ಕೇಳಲಿ ಎಂದು ನಾವು ಆಳೆತ್ತರದ ಸಿದ್ಧ ಸ್ಪೀಕರುಗಳ ಒಂದು ಜೋಡಿ ಕೊಂಡು ತಂದೆವು. ತಬಲಾದ ಎಡಗೈ ಪೆಟ್ಟಿಗೆ ಕಿಟಕಿಯ ಗಾಜು ನಡುಗಿತು. ತಂದೆಯವರು ಅರ್ಧ ಗಂಟೆ ಕೇಳಿ, “ಹಾಡೇನೋ ಕೇಳಸ್ತದ, ತಂಬೂರಿ ಎಲ್ಲಿ ಹೋತು?” ಎಂದರು. ಆ ಪ್ರಶ್ನೆ ನಮ್ಮನ್ನು ಬಡಗಿಯ ಬಳಿಗೆ ಕಳುಹಿಸಿತು. ಆದರೆ ಬಡಗಿಗೆ ಯಾವ ನಕ್ಷೆ ಕೊಡಬೇಕು? ಅದನ್ನು ತಿಳಿಯಲು ನಾವು ಸ್ಪೀಕರಿನ ಚರಿತ್ರೆಯನ್ನೇ ಓದಬೇಕಾಯಿತು.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿನ ಸ್ಪೀಕರಿನ ಮೂಲರೂಪವನ್ನು ಪ್ರಕಟಿಸಿದರು: ಅಯಸ್ಕಾಂತದ ನಡುವೆ ಆಡುವ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಶಂಕು. ಹತ್ತು ವರ್ಷಗಳ ಅನಂತರ, 1935ರಲ್ಲಿ, ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟು ಪ್ರಸಾರ ಆರಂಭಿಸಿದರು.

ಆದರೆ ಶಂಕುವಿಗೆ ಒಂದು ಹುಟ್ಟುದೋಷವಿದೆ. ಅದು ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಮಂದ್ರ ಸ್ವರಗಳಲ್ಲಿ ಈ ಎರಡೂ ಅಲೆಗಳು ಸುತ್ತಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಪೆಟ್ಟಿಗೆ ಬೇಕಾದದ್ದು ಇದಕ್ಕಾಗಿಯೇ. ಹಿಂದಿನ ಅಲೆಯನ್ನು ಏನು ಮಾಡಬೇಕು ಎಂಬುದೇ ಪೆಟ್ಟಿಗೆಯ ಇಡೀ ಚರಿತ್ರೆ.

ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಅವರಿಗೆ 1932ರಲ್ಲಿ ದೊರೆತ ಪೇಟೆಂಟು ಒಂದು ಉತ್ತರ ಕೊಟ್ಟಿತು. ಪೆಟ್ಟಿಗೆಗೊಂದು ರಂಧ್ರ ಕೊರೆದು, ಹಿಂದಿನ ಅಲೆಯನ್ನು ಮುಂದಿನದರ ನೆರವಿಗೆ ಕರೆಯುವುದು. ಹೂಜಿಯ ಬಾಯಿಗೆ ಊದಿದಾಗ ಏಳುವ ‘ಭೂಂ’ ಸದ್ದಿನ ತತ್ತ್ವವೇ ಇದು. 1954ರಲ್ಲಿ ಎಡ್ಗರ್ ವಿಲ್ಚರ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು: ಪೆಟ್ಟಿಗೆಯನ್ನು ಪೂರ್ಣ ಮುಚ್ಚಿ, ಒಳಗಿನ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗ್ ಆಗಿಸಿದರು. ಬೀರುವಿನಷ್ಟು ದೊಡ್ಡದಾಗಿದ್ದ ಪೆಟ್ಟಿಗೆ ಪುಸ್ತಕದ ಕಪಾಟಿನಲ್ಲಿ ಕೂರುವಂತಾಯಿತು. 1958ರ ಹೊತ್ತಿಗೆ ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದು ಪ್ರತಿ ಮನೆಗೂ ಎರಡು ಪೆಟ್ಟಿಗೆ ಬೇಕಾದಾಗ ಈ ಉಪಾಯದ ಬೆಲೆ ಇನ್ನಷ್ಟು ಹೆಚ್ಚಿತು. ನೆಲದ ಮೇಲೆ ಕಡಿಮೆ ಜಾಗ, ಒಳಗೆ ಸಾಕಷ್ಟು ಗಾಳಿ, ಕಿವಿಯ ಮಟ್ಟಕ್ಕೆ ಸ್ವರ: ಟವರ್ ಎಂಬ ಆಕಾರದ ಗುಣ ಇಷ್ಟೇ. ಅದರ ಎತ್ತರ ಅಂತಸ್ತಿನ ಗುರುತಲ್ಲ.

ಅಲ್ಲಿಯವರೆಗೆ ಪೆಟ್ಟಿಗೆಯ ಅಳತೆ ಬಹುಮಟ್ಟಿಗೆ ಅನುಭವಿಗಳ ಕೈಗುಣವಾಗಿತ್ತು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಗಣಿತವಾಗಿಸಿದರು. ಇಂದು ಸ್ಪೀಕರಿನ ವಿವರಪತ್ರದಲ್ಲಿ ಕಾಣುವ ಸಂಖ್ಯೆಗಳಿಗೆ ಅವರಿಬ್ಬರ ಹೆಸರೇ ಇದೆ. ಮನೆಯಲ್ಲಿ ಕುಳಿತು ಪೆಟ್ಟಿಗೆ ರೂಪಿಸುವ ಧೈರ್ಯ ನಮ್ಮಂಥವರಿಗೆ ಬಂದದ್ದು ಆ ಗಣಿತದಿಂದ.

ಗಣಿತಕ್ಕೆ ಮೊದಲು ನಮ್ಮ ಅಗತ್ಯ ನಿಶ್ಚಯವಾಗಬೇಕಿತ್ತು. ಪೇಟಿಯ ‘ಕಾಳಿ ಏಕ್’, ಅಂದರೆ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿ ಹಿಡಿದು ಹಾಡುವ ಗಾಯಕರ ಸ್ವರ ಸುಮಾರು 139 ಹರ್ಟ್ಸ್. ತಂಬೂರಿಯ ಖರಜದ ತಂತಿ ಅದರ ಅರ್ಧ, 69 ಹರ್ಟ್ಸ್. ನಮ್ಮ ಟ್ರಂಕಿನ ಸಂಗೀತ ಅದಕ್ಕಿಂತ ಹೆಚ್ಚು ಕೆಳಗೆ ಇಳಿಯುವುದಿಲ್ಲ. ಕೋಣೆ 14 ಅಡಿ ಉದ್ದ, 10 ಅಡಿ ಅಗಲ. ಇಂಥ ಗೋಡೆಗಳ ನಡುವೆ ಸುಮಾರು 40 ಮತ್ತು 56 ಹರ್ಟ್ಸ್‌ನಲ್ಲಿ ಕೋಣೆಯೇ ಅನುರಣಿಸುತ್ತದೆ. ಕೊಂಡು ತಂದ ಸ್ಪೀಕರಿಗೆ ರಂಧ್ರವಿತ್ತು. ಅದು ಕೋಣೆ ಈಗಾಗಲೇ ಉಬ್ಬಿಸುತ್ತಿದ್ದ ಸದ್ದನ್ನೇ ಮತ್ತಷ್ಟು ಉಬ್ಬಿಸುತ್ತಿತ್ತು. ತಂಬೂರಿ ಆ ಸದ್ದಿನಡಿ ಹೂತುಹೋಗಿತ್ತು.

ಆದ್ದರಿಂದ ನಾವು ವಿಲ್ಚರ್ ಅವರ ಮುಚ್ಚಿದ ಪೆಟ್ಟಿಗೆಯನ್ನು ಆರಿಸಿದೆವು. ಚಿಕ್ಕ ಗಾತ್ರ, ಆಳವಾದ ಮಂದ್ರ, ಜೋರಾದ ಸದ್ದು ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದೆಂಬುದು ಸ್ಪೀಕರಿನ ನಿಯಮ. ಹತ್ತಡಿಯ ಕೋಣೆಯಲ್ಲಿ ಜೋರನ್ನು ಬಿಟ್ಟುಕೊಡುವುದು ನಷ್ಟವಲ್ಲ. 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ 20 ಸೆಂಟಿಮೀಟರ್ ಅಗಲ, 28 ಆಳ, 100 ಎತ್ತರದ ಪೆಟ್ಟಿಗೆ. ಆಧಾರಪಟ್ಟಿಗಳನ್ನು ಕಳೆದರೆ ಒಳಗೆ ಸುಮಾರು 35 ಲೀಟರ್ ಗಾಳಿ. ಅದಕ್ಕೆ ಒಂದು ಆರೂವರೆ ಇಂಚಿನ ವೂಫರ್: ಸ್ವಂತ ಅನುರಣನ 35 ಹರ್ಟ್ಸ್, ಸಮಾನ ಗಾಳಿ 35 ಲೀಟರ್, ಒಟ್ಟು ಕ್ಯೂ 0.5. ಸ್ಮಾಲ್ ಅವರ ಸೂತ್ರದಂತೆ ಪೆಟ್ಟಿಗೆಯೊಳಗೆ ಅದು 50 ಹರ್ಟ್ಸ್‌ವರೆಗೆ ಸಮವಾಗಿ ಇಳಿದು, ಬಳಿಕ ಮೆಲ್ಲನೆ ಕುಗ್ಗುತ್ತದೆ. ಖರಜಕ್ಕೆ ಬೇಕಾದಷ್ಟು ಅವಕಾಶ ಉಳಿಯಿತು.

ಎತ್ತರದ ಪೆಟ್ಟಿಗೆಗೆ ಅದರದೇ ಒಂದು ಅಪಾಯವಿದೆ. ಒಳಗಿನ 96 ಸೆಂಟಿಮೀಟರ್ ಎತ್ತರದಲ್ಲಿ ಸುಮಾರು 180 ಹರ್ಟ್ಸ್‌ನ ಅಲೆ ನಿಂತುಬಿಡುತ್ತದೆ. ಕಾಳಿ ಏಕ್‌ನ ಮಧ್ಯಮ 185. ಗಾಯಕ ಮಧ್ಯಮಕ್ಕೆ ಬಂದಾಗಲೆಲ್ಲ ಮರವೂ ದನಿಗೂಡಿಸಿದಂತೆ ಆಗಬಹುದು. ಪೆಟ್ಟಿಗೆಯ ನಡುಎತ್ತರದಲ್ಲಿ ಗಾಳಿಯ ಚಲನೆ ಅತ್ಯಧಿಕವಾದ್ದರಿಂದ ನಾವು ಅಲ್ಲಿಯೇ ಉಣ್ಣೆ ತುಂಬಿದೆವು.

ತಂಬೂರಿಯ ಅರ್ಧ ರಹಸ್ಯ ಮಾತ್ರ ಖರಜದಲ್ಲಿದೆ, ಉಳಿದರ್ಧ ಜೀವಾರಿಯಲ್ಲಿದೆ. ಮುಂದೆ ಬೆಂಗಳೂರಿನವರೇ ಆದ ಸಿ. ವಿ. ರಾಮನ್ 1921ರಲ್ಲಿ ಬರೆದದ್ದು ಇದನ್ನೇ: ಮೀಟಿದ ಜಾಗದಲ್ಲಿ ಹುಟ್ಟಬಾರದೆಂದು ನಿಯಮ ಹೇಳುವ ಅನುಸ್ವರಗಳೂ ತಂಬೂರಿಯಲ್ಲಿ ಕೇಳಿಸುತ್ತವೆ, ಅದರ ವಿಶಾಲವಾದ ಬಾಗಿದ ಕುದುರೆಯಿಂದ. ಆ ಮಿನುಗು ಸಾವಿರಾರು ಹರ್ಟ್ಸ್‌ವರೆಗೆ ಹಬ್ಬಿದೆ. ವೂಫರಿನಿಂದ ಟ್ವೀಟರಿಗೆ ದನಿ ದಾಟುವ ಜಾಗದಲ್ಲಿ ಬಿರುಕು ಬಿಟ್ಟರೆ ಅದು ಹರಿದುಹೋಗುತ್ತದೆ. 1976ರಲ್ಲಿ ಲಿಂಕ್‌ವಿಟ್ಸ್ ಮತ್ತು ರೈಲಿ ಪ್ರಕಟಿಸಿದ ಕ್ರಾಸ್‌ಓವರಿನಲ್ಲಿ ಎರಡೂ ಒಂದೇ ಹೆಜ್ಜೆಯಲ್ಲಿ ಸಾಗಿ ಸಮವಾಗಿ ಕೂಡುತ್ತವೆ. ನಾವು ಅದನ್ನೇ 2,200 ಹರ್ಟ್ಸ್‌ಗೆ ಹೊಂದಿಸಿದೆವು.

ಇಷ್ಟು ನಿರ್ಣಯಗಳಿಗೆ ಮೂರು ತಿಂಗಳು ಹಿಡಿಯಿತು. ಮರ ಕೊಯ್ದು ಅಂಟಿಸಲು ಎರಡೇ ದಿನ. ಒಂದು ಭಾನುವಾರ ಬೆಳಿಗ್ಗೆ, ಬಣ್ಣ ಬಳಿಯುವ ಮುನ್ನವೇ, ಹಳೆಯ ತೋಡಿಯೊಂದನ್ನು ಹಚ್ಚಿದೆವು. ತಂದೆಯವರು ಬಹಳ ಹೊತ್ತು ಏನೂ ಹೇಳಲಿಲ್ಲ. ನಾವು ಕ್ರಾಸ್‌ಓವರಿನಲ್ಲಿ ಏನು ತಪ್ಪಿತೋ ಎಂದು ಯೋಚಿಸತೊಡಗಿದಾಗ ಅವರು ಕೈಯೆತ್ತಿ ತಡೆದು ಹೇಳಿದರು:

“ಮೊದಲನೇ ತಂತಿ ನೋಡ್ರಿ, ಒಂದು ಕೂದಲೆಳೆಯಷ್ಟು ಇಳದದ. ಇಷ್ಟು ವರ್ಷ ನನಗ ಗೊತ್ತಾಗಿರಲಿಲ್ಲ.”