ಸ್ವದಾರ ಸಂತೋಷ ವ್ರತ ಮತ್ತು ಮೊಬೈಲಿನ ಸಲುಗೆ

ಗೃಹಸ್ಥರ ಐದು ಅಣುವ್ರತಗಳಲ್ಲಿ ನಾಲ್ಕನೆಯದು ಬ್ರಹ್ಮಚರ್ಯಾಣುವ್ರತ. ಇದನ್ನು ಸ್ವದಾರ ಸಂತೋಷ ವ್ರತವೆಂದೂ ಶ್ರಾವಿಕೆಯರ ವಿಷಯದಲ್ಲಿ ಸ್ವಪತಿ ಸಂತೋಷ ವ್ರತವೆಂದೂ ಕರೆಯುತ್ತಾರೆ. ಕೈಹಿಡಿದವರಲ್ಲೇ ತೃಪ್ತಿ ಕಾಣುವುದು ಇದರ ಸರಳ ಅರ್ಥ. ದೇಹಸಂಬಂಧ ನಡೆದರೆ ಮಾತ್ರ ಈ ವ್ರತಕ್ಕೆ ದೋಷ ಎಂದುಕೊಂಡವರು ನಮ್ಮಲ್ಲಿ ಬಹಳ. ವಾಟ್ಸ್ಆ್ಯಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಪರರೊಡನೆ ಸರಸದ ಮಾತು ಬೆಳೆದಾಗ "ಬರೀ ಮೆಸೇಜ್ ತಾನೇ" ಎಂಬ ಸಮಾಧಾನ ಹುಟ್ಟುವುದು ಇದರಿಂದಲೇ. ಶ್ರಾವಕಾಚಾರ ಗ್ರಂಥಗಳು ಈ ಸಮಾಧಾನವನ್ನು ಒಪ್ಪುವುದಿಲ್ಲ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ 'ವಿಟತ್ವ'ವೂ ಒಂದು. ಮಾತು ಮತ್ತು ಹಾವಭಾವಗಳ ಚೆಲ್ಲುತನ ಎಂದು ಇದನ್ನು ಅರ್ಥೈಸಬಹುದು. ಇಂದು ಫ್ಲರ್ಟ್ ಮಾಡುವುದು ಎನ್ನುತ್ತೇವಲ್ಲ, ಅದಕ್ಕೆ ಇಷ್ಟು ಹತ್ತಿರದ ಶಬ್ದ ಇನ್ನೊಂದು ಸಿಗಲಾರದು. ತತ್ತ್ವಾರ್ಥಸೂತ್ರದ ದಿಗಂಬರ ಪಾಠದ ಏಳನೆಯ ಅಧ್ಯಾಯದಲ್ಲಿ ಬ್ರಹ್ಮಚರ್ಯವನ್ನು ಗಟ್ಟಿಗೊಳಿಸುವ ಐದು ಭಾವನೆಗಳಿವೆ. ರಾಗ ಹುಟ್ಟಿಸುವ ಕಥೆ ಕೇಳದಿರುವುದು, ಅಂಗಸೌಂದರ್ಯವನ್ನು ಆಸೆಯಿಂದ ನೋಡದಿರುವುದು, ಹಿಂದಿನ ಭೋಗವನ್ನು ನೆನೆಯದಿರುವುದು, ಉದ್ರೇಕಕಾರಿ ಆಹಾರವನ್ನು ಬಿಡುವುದು, ದೇಹದ ಅತಿಯಾದ ಅಲಂಕಾರವನ್ನು ಬಿಡುವುದು. ಇವುಗಳ ಪೂರ್ಣಪಾಲನೆ ಮುನಿಗಳದು, ನಿಜ. ಆದರೂ ಕಾಲೇಜಿನ ಹಳೆಯ ಗುಂಪಿನಲ್ಲಿ ಒಂದು ಕಾಲದ ಮೆಚ್ಚಿನವರು ಸಿಕ್ಕಿ, ರಾತ್ರಿ ಹನ್ನೊಂದರ ಮೇಲೆ "ಆ ದಿನಗಳು ನೆನಪಿದೆಯಾ" ಎಂದು ಮಾತು ಶುರುವಾದಾಗ ಮೂರನೆಯದು ಗೃಹಸ್ಥರಿಗೂ ಚೆನ್ನಾಗಿಯೇ ಅನ್ವಯಿಸುತ್ತದೆ.

ಜಾರುವಿಕೆಯ ಮೆಟ್ಟಿಲುಗಳನ್ನು ಆಚಾರ್ಯ ಅಮಿತಗತಿಗಳ ದ್ವಾತ್ರಿಂಶತಿಕೆ ನಾಲ್ಕಾಗಿ ಎಣಿಸುತ್ತದೆ. ಅನೇಕ ಮನೆಗಳಲ್ಲಿ ಸಾಮಾಯಿಕ ಪಾಠವೆಂದು ಓದುವುದು ಇದನ್ನೇ. ಮನಸ್ಸಿನ ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿ ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲೇ ಮುಳುಗುವುದು ಅನಾಚಾರ. ಮೊಬೈಲಿಗೆ ಹೊಂದಿಸಿ ನೋಡಿ. ಒಬ್ಬರ ಸಂದೇಶಕ್ಕಾಗಿ ಮನಸ್ಸು ಕಾಯತೊಡಗಿದರೆ ಅದು ಮೊದಲ ಮೆಟ್ಟಿಲು. ಆ ಸಂಭಾಷಣೆಯನ್ನು ಅಳಿಸುವುದು, ನಂಬರನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳುವುದು, ಗಂಡ ಅಥವಾ ಹೆಂಡತಿ ಬಂದೊಡನೆ ಫೋನ್ ಮಗುಚಿ ಇಡುವುದು ಎರಡನೆಯದು. ಈ ಎರಡನೆಯ ಮೆಟ್ಟಿಲನ್ನೇ ಗಡಿಯೆಂದು ಇಟ್ಟುಕೊಳ್ಳುವುದು ಒಳ್ಳೆಯದು. ಮಾತಿನಲ್ಲಿ ಅಶ್ಲೀಲ ಏನೂ ಇಲ್ಲದಿರಬಹುದು, ಆದರೆ ಮುಚ್ಚಿಡಬೇಕು ಅನ್ನಿಸಿದ ಕೂಡಲೇ ಬೇಲಿ ದಾಟಿ ಆಗಿರುತ್ತದೆ.

ಕ್ರಿ.ಶ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ರಾಣಿ ಅಮೃತಮತಿ ಸೋಲುವುದೂ ಮುಖ ಕಂಡಲ್ಲ, ಇರುಳಿನಲ್ಲಿ ಕೇಳಿಬಂದ ಮಾವುತನ ಹಾಡಿಗೆ. ಆತನ ರೂಪ ಗೊತ್ತಾಗುವ ಹೊತ್ತಿಗೆ ಮನಸ್ಸು ಹೋಗಿಯಾಗಿತ್ತು. ಪರದೆಯ ಆಚೆಗಿರುವವರನ್ನೂ ನಾವು ಅರ್ಧ ಮಾತ್ರ ಕಾಣುತ್ತೇವೆ, ಉಳಿದರ್ಧವನ್ನು ಆಸೆ ತುಂಬಿಕೊಳ್ಳುತ್ತದೆ.

ಸಹೋದ್ಯೋಗಿಯೋ ಪರಿಚಿತರೋ ಸಲುಗೆ ಬೆಳೆಸತೊಡಗಿದರೆ ದೀರ್ಘ ವಿವರಣೆ ಬೇಡ. "ಇಂಥ ಮಾತು ನನಗೆ ಸರಿಬರುವುದಿಲ್ಲ, ಕೆಲಸದ ವಿಷಯವಿದ್ದರೆ ಮಾತ್ರ ಬರೆಯಿರಿ" ಎಂದರೆ ಸಾಕು. ನಗುವ ಇಮೋಜಿ ಹಾಕಿ ತೇಲಿಸಿದರೆ ಅದನ್ನು ಒಪ್ಪಿಗೆ ಎಂದುಕೊಳ್ಳುವವರಿದ್ದಾರೆ. ಮನೆಯ ಮುನಿಸನ್ನು, ಗಂಡ ಹೆಂಡಿರ ಕೊರತೆಗಳನ್ನು ಅಂಥವರ ಮುಂದೆ ತೋಡಿಕೊಳ್ಳಲೇಬಾರದು. ಸಲುಗೆ ಬೇರೂರುವುದು ಹೆಚ್ಚಾಗಿ ಅನುಕಂಪದ ಮಾತಿನಿಂದ.

ಇಲ್ಲೊಂದು ಅನ್ಯಾಯದ ಬಗ್ಗೆಯೂ ಹೇಳಬೇಕು. ಕೇಳದೆ ಬಂದ ಸಂದೇಶಕ್ಕೆ ಅದನ್ನು ಪಡೆದ ಹೆಣ್ಣುಮಗಳನ್ನೇ ಹೊಣೆ ಮಾಡುವುದು, ಆಕೆಯ ಖಾತೆ ಮುಚ್ಚಿಸುವುದು, ಕೆಲಸ ಬಿಡಿಸುವುದು ನಡೆಯುತ್ತದೆ. ಹೀಗಾದರೆ ಮುಂದಿನ ಸಲ ಆಕೆ ಗಂಡನಿಗೆ ಹೇಳುವುದೇ ಇಲ್ಲ. ಮನಸ್ಸು ಕೊಡದವಳಿಗೆ ಯಾವ ಅತಿಚಾರವೂ ಇಲ್ಲ. ಒಲ್ಲೆನೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಪುರುಷನೊಬ್ಬ ಮಹಿಳೆಯನ್ನು ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಫೋಟೋ, ವಿಡಿಯೋ ಇಟ್ಟುಕೊಂಡು ಹಣ ಕೇಳಿದರೆ ಪುರುಷರಾಗಲಿ ಮಹಿಳೆಯರಾಗಲಿ ಕೊಡಬಾರದು. ಕೊಟ್ಟಷ್ಟೂ ಬೇಡಿಕೆ ಏರುತ್ತದೆ. ಸ್ಕ್ರೀನ್‌ಶಾಟ್ ಉಳಿಸಿಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮನೆಯವರಿಗೂ ತಿಳಿಸಿ. ಮರ್ಯಾದೆಗೆ ಅಂಜಿ ಸುಮ್ಮನಿರುವವರೇ ಇಂಥ ವಂಚಕರ ಬಂಡವಾಳ.

ಸಂಗಾತಿಯ ಸಲುಗೆ ಬೆಳಕಿಗೆ ಬಂದಾಗ ಸ್ಕ್ರೀನ್‌ಶಾಟನ್ನು ಬಂಧುಗಳ ಗುಂಪಿಗೆ ಹಾಕುವುದು, ಮಕ್ಕಳ ಮುಂದೆ ಕೂಗಾಡುವುದು ಯಾರಿಗೂ ಒಳಿತಲ್ಲ. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುವ ಆಲೋಚನೆ, ಅದರಿಂದ ಹಿಂದಿರುಗುವ ಪ್ರತಿಕ್ರಮಣ, ಮುಂದೆ ಮಾಡೆನೆಂಬ ಪ್ರತ್ಯಾಖ್ಯಾನ ನಮ್ಮ ಪರಂಪರೆಯಲ್ಲಿವೆ. ಈ ಕ್ರಮ ದಾಂಪತ್ಯಕ್ಕೂ ಹೊಂದುತ್ತದೆ. ಸಂಪರ್ಕ ಕಡಿದುಕೊಳ್ಳದೆ ಬರಿದೇ ಕ್ಷಮೆ ಕೇಳಿದರೆ ಪ್ರತಿಕ್ರಮಣವಾಗದು. ನೊಂದವರಿಗೆ ನಂಬಿಕೆ ಮರಳಲು ತಿಂಗಳುಗಳೇ ಬೇಕಾಗಬಹುದು, "ಕ್ಷಮಿಸಿ ಆಯಿತಲ್ಲ" ಎಂದು ಅವಸರ ಮಾಡುವ ಹಕ್ಕು ತಪ್ಪಿದವರಿಗಿಲ್ಲ. ಇಬ್ಬರ ನಡುವೆ ಮಾತು ಸಾಗದಿದ್ದರೆ ಗುಟ್ಟು ಕಾಯಬಲ್ಲ ಒಬ್ಬ ಹಿರಿಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬಹುದು.

ಕಾನೂನಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ದಂಡಸಂಹಿತೆಯ 497ನೇ ಕಲಮನ್ನು ರದ್ದುಮಾಡಿದ್ದರಿಂದ ವ್ಯಭಿಚಾರ ಈಗ ಕ್ರಿಮಿನಲ್ ಅಪರಾಧವಲ್ಲ. ಆದರೆ ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಅದು ಇಂದಿಗೂ ವಿಚ್ಛೇದನಕ್ಕೆ ಕಾರಣ.