ಹೋಟೆಲಿನ ಚಟ್ನಿಯೂ ಮನೆಯ ಒಳಕಲ್ಲೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿಯನ್ನು ಸವಿದವರು ಊರಿಗೆ ಮರಳಿದ ಮೇಲೆ ಬಹುಕಾಲ ನೆನೆಯುವುದು ಇಡ್ಲಿಗಿಂತಲೂ ಹೆಚ್ಚಾಗಿ ಅದರ ಮೇಲೆ ಧಾರಾಳವಾಗಿ ಸುರಿದ ಚಟ್ನಿಯನ್ನು. ಅದೇ ತೆಂಗಿನಕಾಯಿ, ಅದೇ ಹಸಿಮೆಣಸಿನಕಾಯಿ, ಅದೇ ಹುರಿಗಡಲೆಗಳನ್ನು ಕೂಡಿಸಿ ಅರೆದರೂ ಆ ರುಚಿ ಮನೆಯಲ್ಲಿ ಏಕೆ ಮೂಡದೆಂಬ ಪ್ರಶ್ನೆ ಗೃಹಿಣಿಯರನ್ನೂ, ಈಚೆಗೆ ಅಡುಗೆಮನೆಯನ್ನು ಹೊಕ್ಕಿರುವ ಗಂಡಸರನ್ನೂ ಸಮನಾಗಿ ಕಾಡುತ್ತಿದೆ. ಭಟ್ಟರು ಯಾವುದೋ ಗುಟ್ಟನ್ನು ಬಚ್ಚಿಟ್ಟಿದ್ದಾರೆಂದು ಜನ ನಂಬುವುದುಂಟು. ಆದರೆ ಈ ಸೀಮೆಯಲ್ಲಿ ಚಟ್ನಿಯು ನಡೆದುಬಂದ ಹಾದಿಯನ್ನು ವಿಚಾರಿಸಿದರೆ, ಆ ರುಚಿಗೆ ಕಾರಣವಾದದ್ದು ಗುಟ್ಟಲ್ಲ, ಹೋಟೆಲಿನ ಅನಿವಾರ್ಯತೆಗಳೆಂಬುದು ತಿಳಿದುಬರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಮೂಲತಃ ರಾಗಿಯ ಸೀಮೆ. ಇಲ್ಲಿನ ಒಕ್ಕಲು ಮನೆಗಳಲ್ಲಿ ಇಡ್ಲಿ ದೋಸೆಗಳು ಹಬ್ಬದ ತಿಂಡಿಗಳಾಗಿದ್ದುವೇ ಹೊರತು ನಿತ್ಯದ ಆಹಾರವಾಗಿರಲಿಲ್ಲ. ನಿತ್ಯಕ್ಕೆ ಇದ್ದುದು ಮುದ್ದೆ ಮತ್ತು ಉಪ್ಪುಸಾರು. ಆ ಉಪ್ಪುಸಾರಿಗೆ ಪ್ರಾಣಪ್ರಾಯವಾದದ್ದು ಅದರ ಖಾರ. ಬೇಳೆಯನ್ನೋ ಸೊಪ್ಪನ್ನೋ ಉಪ್ಪು ಹಾಕಿ ಬೇಯಿಸಿ ಕಟ್ಟನ್ನು ಬಸಿದಿಟ್ಟು, ಕೆಂಡದ ಮೇಲೆ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಿಸೆಹಣ್ಣು, ಕೊತ್ತಂಬರಿ ಸೊಪ್ಪುಗಳನ್ನು ಒಳಕಲ್ಲಿನಲ್ಲಿ ನುಣ್ಣಗೆ ಅರೆದು, ತಟ್ಟೆಯ ಅಂಚಿನಲ್ಲಿ ಒಂದು ಉಂಡೆಯಾಗಿ ಬಡಿಸಿದರೆ, ಉಣ್ಣುವವನು ತನ್ನ ನಾಲಗೆಗೆ ಒಗ್ಗುವಷ್ಟನ್ನು ತಾನೇ ಸಾರಿಗೆ ಕದಡಿಕೊಳ್ಳುತ್ತಾನೆ. ಅಡುಗೆ ಮಾಡಿದವಳ ಅಳತೆಗಿಂತ ಉಣ್ಣುವವನ ಇಚ್ಛೆಗೆ ಮನ್ನಣೆ ಕೊಡುವ ಈ ಪದ್ಧತಿ ಹೋಟೆಲುಗಳಿಗಿಂತ ಹಳೆಯದು.

ಹಾಗೆಂದು ಅದು ಅನಾದಿಯೆಂದು ಭಾವಿಸಲಾಗದು. ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ತನ್ನ ‘ಸೂಪಶಾಸ್ತ್ರ’ವನ್ನು ರಚಿಸಿದಾಗ ಕನ್ನಡ ನಾಡಿನ ಅಡುಗೆಗೆ ಖಾರವನ್ನು ಕೊಡುತ್ತಿದ್ದುದು ಕಾಳುಮೆಣಸು, ಶುಂಠಿ ಮೊದಲಾದುವು. ಮೆಣಸಿನಕಾಯಿಯು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದು, ಆಮೇಲೆ ಒಳನಾಡನ್ನು ವ್ಯಾಪಿಸಿತು. ಟೊಮ್ಯಾಟೊ ನಮ್ಮ ಹಳ್ಳಿಗಳ ಹೊಲವನ್ನು ಹೊಕ್ಕದ್ದು ಅದಕ್ಕಿಂತಲೂ ಬಹಳ ತಡವಾಗಿ. ಇವೆರಡನ್ನೂ ಅನಾದಿಯಿಂದ ಬಲ್ಲ ಮೆಕ್ಸಿಕೊ ದೇಶದ ಜನ ಅವನ್ನು ಅಗ್ನಿಶಿಲೆಯ ಒರಳಿನಲ್ಲಿ ಅರೆದು ‘ಸಾಲ್ಸಾ’ ಎಂಬ ವ್ಯಂಜನವನ್ನು ಮಾಡುತ್ತಾರೆ; ಉಪಾಹಾರಗೃಹದ ಸಾಲ್ಸಾವನ್ನು ಮನೆಯಲ್ಲಿ ಮಾಡಿಕೊಳ್ಳುವ ಹಂಬಲ ಆ ಕಡೆಯ ಜನರಿಗೂ ಇದೆ.

ಒರಳಿನ ವಿಷಯದಲ್ಲಿ ನಮ್ಮ ಸೀಮೆಗೆ ಯಾವ ಕೊರತೆಯೂ ಇಲ್ಲ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿಗಾಗಿ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿತ್ತು. ಊರಿನ ಆ ಹೆಸರು ಮರೆಯಾಗಿದ್ದರೂ, ಸುಮಾರು 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡು ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರು ಹಬ್ಬಿರುವ ಇಲ್ಲಿನ ಬಂಡೆಯ ಪಟ್ಟಿಯನ್ನು ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಇಂತಹ ಕಲ್ಲಿನ ನಾಡಿನಲ್ಲಿ ಒಳಕಲ್ಲಿಲ್ಲದ ಮನೆಯಿರಲಿಲ್ಲ; ಸವೆದು ನುಣುಪಾದ ಕಲ್ಲನ್ನು ಉಳಿಯಿಂದ ಕುಟ್ಟಿಸಿ ಮತ್ತೆ ಒರಟಾಗಿಸುವುದು ಪ್ರತಿಯೊಂದು ಮನೆಯೂ ಆಗಾಗ ಮಾಡಿಸಿಕೊಳ್ಳುತ್ತಿದ್ದ ಕೆಲಸವಾಗಿತ್ತು.

ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮದ ತರುವಾಯ, 1882ರ ವೇಳೆಗೆ, ಬೆಂಗಳೂರು–ಮೈಸೂರು ರೈಲುಮಾರ್ಗ ಸಿದ್ಧವಾದ ಮೇಲೆ ಈ ಪ್ರಾಂತದ ಊಟೋಪಚಾರಗಳಲ್ಲಿ ಹೊಸ ಅಧ್ಯಾಯ ತೆರೆಯಿತು. ಮದ್ದೂರಿನ ನಿಲ್ದಾಣದಲ್ಲಿ ವಡೆ ಹೆಸರು ಮಾಡಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಉಡುಪಿ, ಕುಂದಾಪುರಗಳ ಕಡೆಯಿಂದ ಘಟ್ಟ ಹತ್ತಿ ಬಂದ ಬಾಣಸಿಗರು ಮೈಸೂರು ಸಂಸ್ಥಾನದ ಪಟ್ಟಣಗಳಲ್ಲಿ ಕಾಫಿ ತಿಂಡಿಯ ಹೋಟೆಲುಗಳನ್ನು ತೆರೆದರು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಎಂ.ಟಿ.ಆರ್., 1943ರ ವಿದ್ಯಾರ್ಥಿ ಭವನಗಳು ಆ ಕಾಲದ ಪ್ರಸಿದ್ಧ ಉದಾಹರಣೆಗಳು. ರಾಮನಗರದಲ್ಲಿ ಏಷ್ಯಾಖಂಡದಲ್ಲಿಯೇ ದೊಡ್ಡದೆನಿಸಿದ ರೇಷ್ಮೆಗೂಡಿನ ಮಾರುಕಟ್ಟೆ ಬೆಳೆದಾಗ, ದೂರದೂರದ ಊರುಗಳಿಂದ ಗೂಡಿನ ಚೀಲಗಳೊಡನೆ ಬಂದು ಹರಾಜಿಗೆ ಕಾದು ನಿಲ್ಲುವ ರೈತರು ಬೆಳಗಿನ ತಿಂಡಿಯ ಗಿರಾಕಿಗಳಾದರು.

ಈ ಗಿರಾಕಿಗಳ ದಟ್ಟಣೆಯೇ ಹೋಟೆಲಿನ ಚಟ್ನಿಯ ಹದವನ್ನು ನಿರ್ಣಯಿಸಿತು. ತಟ್ಟೆ ಇಡ್ಲಿ ಅಗಲವಾದದ್ದು, ಮೆತ್ತಗಿನದು, ಬಹಳವಾಗಿ ಹೀರುವಂಥದು. ಆದುದರಿಂದ ಚಟ್ನಿ ತೆಳ್ಳಗಿರಬೇಕು, ಗಿರಾಕಿ ಕೇಳಿದಷ್ಟು ಸಲ ಬಡಿಸುವಷ್ಟು ಅಗ್ಗವಾಗಿಯೂ ಇರಬೇಕು. ತೆಂಗಿನಕಾಯಿಯ ಬೆಲೆ ಏರಿದಂತೆಲ್ಲ ಹುರಿಗಡಲೆಯ ಪಾಲು ಏರುತ್ತದೆ. ಆ ಹುರಿಗಡಲೆಯಾದರೋ ಖರ್ಚನ್ನು ತಗ್ಗಿಸುವುದರ ಜೊತೆಗೆ ನೀರನ್ನು ಹಿಡಿದಿಟ್ಟು, ತೆಳ್ಳಗಿನ ಚಟ್ನಿಯೂ ಒಡೆಯದಂತೆ ಕಾಪಾಡುತ್ತದೆ. ಮಿತವ್ಯಯಕ್ಕಾಗಿ ಸೇರಿದ ವಸ್ತುವೇ ಕಾಲಕ್ರಮದಲ್ಲಿ ರುಚಿಯ ಲಕ್ಷಣವಾಯಿತು. ಇದಲ್ಲದೆ, ಬೇಗ ಖರ್ಚಾಗುವ ಕಾರಣ ಹೋಟೆಲಿನಲ್ಲಿ ಚಟ್ನಿಯನ್ನು ಮತ್ತೆ ಮತ್ತೆ ಹೊಸದಾಗಿ ಅರೆಯಬೇಕಾಗುತ್ತದೆ. ಹುಳಿಯಾಗಲು ಅದಕ್ಕೆ ಪುರಸೊತ್ತಿಲ್ಲ.

ಇಷ್ಟನ್ನು ಗ್ರಹಿಸಿದ ಮೇಲೆ ಮನೆಯಲ್ಲಿ ಮಾಡಬೇಕಾದದ್ದು ಸ್ಪಷ್ಟವಾಗಿಯೇ ಇದೆ. ತೆಂಗಿನತುರಿ ಹೆಚ್ಚಾದಷ್ಟೂ ರುಚಿ ಹೆಚ್ಚೆಂಬ ಭ್ರಮೆಯನ್ನು ಬಿಟ್ಟು, ತುರಿಗೆ ಹೆಚ್ಚು ಕಡಿಮೆ ಸಮನಾಗಿ ಹುರಿಗಡಲೆಯನ್ನು ಹಾಕಬೇಕು. ಮಿಕ್ಸಿಯ ಅಲಗು ಅತಿವೇಗದಿಂದ ತಿರುಗಿ ಕಾವೇರಿದರೆ ಕಾಯಿಯ ಎಣ್ಣೆ ಬಿಡುತ್ತದೆ, ಕೊತ್ತಂಬರಿಯ ಹಸಿರು ಮಂಕಾಗುತ್ತದೆ. ಆದಕಾರಣ ಹುರಿಗಡಲೆಯನ್ನು ಮೊದಲು ಒಣಗಿರುವಾಗಲೇ ಪುಡಿಮಾಡಿ, ತುರಿ, ಹಸಿಮೆಣಸಿನಕಾಯಿ, ಚೂರು ಶುಂಠಿ, ಹುಣಿಸೆ, ಉಪ್ಪುಗಳನ್ನು ತಣ್ಣೀರು ಚಿಮುಕಿಸುತ್ತ ನಿಲ್ಲಿಸಿ ನಿಲ್ಲಿಸಿ ಅರೆದು, ಸೊಪ್ಪನ್ನು ಕೊನೆಗೆ ಸೇರಿಸುವುದು ಲೇಸು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದ ಕೂಡಲೆ ಬಡಿಸಬೇಕು. ಬೆಳಗ್ಗೆ ಅರೆದುದನ್ನು ಸಂಜೆಗೆ ಇಟ್ಟುಕೊಂಡು ಹೋಟೆಲಿನ ರುಚಿ ಬರಲಿಲ್ಲವೆಂದು ಕೊರಗುವುದು ನ್ಯಾಯವಲ್ಲ.

ಆದರೂ ಒಂದು ಮಾತನ್ನು ಹೇಳದಿದ್ದರೆ ಈ ಚರಿತ್ರೆ ಏಕಪಕ್ಷೀಯವಾದೀತು. ಹೋಟೆಲಿನ ಚಟ್ನಿಯನ್ನು ಮನೆಗೆ ತರುವ ಉತ್ಸಾಹದಲ್ಲಿ, ಮನೆಯಲ್ಲಿಯೇ ಹುಟ್ಟಿದ ಉಪ್ಪುಸಾರಿನ ಖಾರವನ್ನು ಅರೆಯಬಲ್ಲ ಕೈಗಳು ಈ ನಾಲ್ಕು ತಾಲ್ಲೂಕುಗಳಲ್ಲಿಯೇ ವಿರಳವಾಗುತ್ತಿವೆ. ಭಟ್ಟರ ಚಟ್ನಿಯನ್ನು ಮಿಕ್ಸಿಯಲ್ಲಿ ಅನುಕರಿಸಬಹುದು. ಸುಟ್ಟ ಮೆಣಸಿನಕಾಯಿಯ ಆ ಖಾರಕ್ಕೆ ಕಲ್ಲೇ ಬೇಕು. ಹಿತ್ತಿಲಿನಲ್ಲಿ ಮಳೆಗೂ ಬಿಸಿಲಿಗೂ ಬಿದ್ದಿರುವ ಒಳಕಲ್ಲನ್ನು ವಾಚಕರು ಮಾರಿಬಿಡದೆ, ತೊಳೆದು ಒಳಗೆ ತಂದು, ಅರೆಯುವ ಹದವನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವರಿಂದ ಕಲಿತುಕೊಳ್ಳಬೇಕೆಂದು ನನ್ನ ವಿನಂತಿ.