ತಾಳೆಗರಿಯಿಂದ ಮೊಬೈಲಿಗೆ ಬಂದ ವಚನ

ಬೆಳಗಾದರೆ ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದಾದರೂ ವಚನ ಬಂದಿರುತ್ತದೆ. ನಾವು ಓದುತ್ತೇವೆ, ಇನ್ನೊಬ್ಬರಿಗೆ ಕಳಿಸುತ್ತೇವೆ. ಆದರೆ ನೂರೈವತ್ತು ವರ್ಷಗಳ ಹಿಂದೆ ಇವುಗಳಲ್ಲಿ ಬಹುಪಾಲು ವಚನಗಳು ಜನಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಅವು ನಮ್ಮ ತನಕ ಬಂದ ದಾರಿ ದೊಡ್ಡದು.

12ನೇ ಶತಮಾನದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯವರ ಜೊತೆಗೆ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಲಕ್ಕಮ್ಮ ಕೂಡ ವಚನ ಹೇಳಿದರು. ದೇವರು, ದುಡಿಮೆ, ಜಾತಿ, ಹಸಿವು ಎಲ್ಲವೂ ಆಡುಮಾತಿನ ಕನ್ನಡದಲ್ಲೇ ಬಂದವು. ಆಮೇಲೆ ಕಲ್ಯಾಣದಲ್ಲಿ ಗಲಭೆಯಾಯಿತು, ಶರಣರು ಚದುರಿಹೋದರು. ಮಾತು ಮಾತ್ರ ಜನರ ನೆನಪಿನಲ್ಲಿ, ತಾಳೆಗರಿಯಲ್ಲಿ ಉಳಿಯಿತು.

15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಹೊತ್ತಿಗೆ, ವಚನಗಳನ್ನು ಕೂಡಿಸುವ ಕೆಲಸ ಜೋರಾಗಿ ನಡೆಯಿತು. ಚದುರಿದ ವಚನಗಳನ್ನು ಶರಣರ ಸಂವಾದದಂತೆ ಹೊಂದಿಸಿದ ‘ಶೂನ್ಯಸಂಪಾದನೆ’ ಆ ಶತಮಾನದ್ದೇ.

ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಮಸಿ ಸವರಿ ಒರೆಸಿದರೆ ಬರಹ ಎದ್ದು ಕಾಣುತ್ತದೆ. ಗೆದ್ದಲು, ತೇವ, ಬೆಂಕಿ ಇದರ ಶತ್ರುಗಳು. ಹಳೆಯದು ಹಾಳಾಗುವ ಮೊದಲೇ ಯಾರಾದರೂ ಹೊಸ ಗರಿಗೆ ನಕಲು ಮಾಡಬೇಕು. ಮಾಡದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಎಷ್ಟೋ ಮನೆಗಳಲ್ಲಿ ಕಟ್ಟುಗಳು ದೇವರ ಜಗಲಿ ಸೇರಿದವು. ಪೂಜೆ ನಡೆಯಿತು, ಓದು ನಿಂತಿತು.

ಆಗ ಬಂದವರು ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು. ಮಠ, ಮನೆಗಳಿಂದ ತಾಳೆಗರಿ ಕೂಡಿಸಿ, ಓದಿ, ಹೋಲಿಸಿ, 1923ರಲ್ಲಿ ‘ವಚನ ಶಾಸ್ತ್ರಸಾರ’ ಹೊರತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಬೆರಳೆಣಿಕೆಯ ಶರಣರ ಹೆಸರಷ್ಟೇ ಗೊತ್ತಿದ್ದ ನಾಡಿಗೆ ನೂರಾರು ವಚನಕಾರರ ಪರಿಚಯವಾಯಿತು. 1964ರಲ್ಲಿ ಅವರು ತೀರಿಕೊಂಡರು.

1993ರಲ್ಲಿ ಕರ್ನಾಟಕ ಸರ್ಕಾರ ಎಲ್ಲ ವಚನಗಳನ್ನು 15 ಸಂಪುಟಗಳಲ್ಲಿ ತಂದಿತು. ಎಂ.ಎಂ. ಕಲಬುರ್ಗಿ ಅದರ ಪ್ರಧಾನ ಸಂಪಾದಕರು. ಈಗ ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ‘ಎತ್ತು’, ‘ನೇಗಿಲು’ ಎಂದು ಒಂದು ಪದ ಕೊಟ್ಟರೆ ಸಾಕು, ಆ ಪದವಿರುವ ವಚನಗಳನ್ನೆಲ್ಲ ಹುಡುಕಿ ಕೊಡುತ್ತದೆ. ದುಡ್ಡು ಕೊಡಬೇಕಾಗಿಲ್ಲ.

ಸುಲಭವಾದದ್ದು ಕೆಡುವುದೂ ಸುಲಭ. ಯಾರೋ ಬರೆದ ಸಾಲಿಗೆ ಬಸವಣ್ಣನವರ ಹೆಸರು ಅಂಟಿಸಿ ಹರಿಬಿಡುವವರಿದ್ದಾರೆ. ಗುರುತಿಸಲು ಮೊದಲು ಅಂಕಿತ ನೋಡಿ. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಅಲ್ಲಮರದು ಗುಹೇಶ್ವರ. ಅಂಬಿಗರ ಚೌಡಯ್ಯನವರದು ಅವರದೇ ಹೆಸರು. ಅಂಕಿತವನ್ನೂ ಅಂಟಿಸಬಹುದು, ಹಾಗಾಗಿ ಸಂಶಯ ಬಂದರೆ ಜಾಲತಾಣದಲ್ಲಿ ಹುಡುಕಿ. ಸಿಗದಿದ್ದರೆ ಕಳಿಸುವುದು ಬೇಡ. ಹಳಕಟ್ಟಿಯವರು ಪ್ರತಿಗಳನ್ನು ಹೋಲಿಸಿ ಮಾಡಿದ ಕೆಲಸದ ಒಂದು ಸಣ್ಣ ಪಾಲು ಇದು.

ಇನ್ನೊಂದು ಮಾತು. ನಿಮ್ಮ ಮನೆಯ ಅಟ್ಟದಲ್ಲೋ ಜಗಲಿಯಲ್ಲೋ ತಾಳೆಗರಿ ಕಟ್ಟು ಇದ್ದರೆ ಹೊಳೆಗೆ ಬಿಡಬೇಡಿ, ನೀರು, ಕುಂಕುಮ ತಾಗಿಸಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಓದುವವರಿದ್ದಾರೆ, ಅವರಿಗೆ ತೋರಿಸಿ. ಅದರಲ್ಲಿ ಹಳೆಯ ಮದ್ದಿನ ಲೆಕ್ಕವಿರಬಹುದು, ಊರಿನ ಕತೆಯಿರಬಹುದು, ಯಾರೂ ಓದದ ಒಂದು ವಚನವೂ ಇರಬಹುದು.